ಸಾಲ ಕುತ್ತಿಗೆಗೆ ಬಂದಾಗ ಮನೆ ಉಳಿಸಿಕೊಳ್ಳುವುದು ಹೇಗೆ

ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಶಿರಸಿ ಕಡೆಗೂ, ಸಾಲದಲ್ಲಿ ಸಿಕ್ಕಿಕೊಂಡ ಮನೆಗಳಲ್ಲಿ ಒಂದೇ ಕಥೆ ಮತ್ತೆ ಮತ್ತೆ ಕಾಣುತ್ತದೆ. ಕೈಗೆ ದುಡ್ಡು ಬಂದ ಕೂಡಲೇ ಯಾರು ಜಾಸ್ತಿ ಗಲಾಟೆ ಮಾಡುತ್ತಾರೋ ಅವರಿಗೆ ಕಟ್ಟಿಬಿಡುತ್ತಾರೆ. ವಾರದ ಸಂಘದ ಕಂತು, ಬಡ್ಡಿಯವನು, ದಿನವಿಡೀ ಫೋನ್ ಮಾಡುವ ಲೋನ್ ಆಪ್‌ನವನು. ಮನೆ ಸಾಲ ಕೊಟ್ಟ ಬ್ಯಾಂಕಿನವರು ಅಂಗಳದಲ್ಲಿ ನಿಂತು ಮರ್ಯಾದೆ ತೆಗೆಯುವುದಿಲ್ಲ, ಹಾಗಾಗಿ ಆ ಕಂತು ಹಿಂದೆ ಬೀಳುತ್ತದೆ. ಆದರೆ ಕೋರ್ಟಿಗೆ ಹೋಗದೆಯೇ ಮನೆ ಹರಾಜು ಹಾಕುವ ಅಧಿಕಾರ ಇರುವುದು ಅವರಿಗೆ. ಮೊದಲು ಈ ಸರದಿ ಬದಲಾಗಬೇಕು.

ಒಂದು ಹಾಳೆಯಲ್ಲಿ ಎಲ್ಲ ಸಾಲ ಬರೆಯಿರಿ, ಮನೆಯವರನ್ನೆಲ್ಲ ಕೂರಿಸಿಕೊಂಡೇ ಬರೆಯಿರಿ. ಗಂಡನಿಗೆ ಗೊತ್ತಿಲ್ಲದ ಸಂಘದ ಸಾಲ, ಹೆಂಡತಿಗೆ ಹೇಳದ ಕೈಗಡ, ಮಗ ಮೊಬೈಲಿನಲ್ಲಿ ತೆಗೆದದ್ದು, ಎಲ್ಲವೂ ಆ ಹಾಳೆಗೆ ಬರಲಿ, ಆ ಹೊತ್ತಿಗೆ ಜಗಳ ಬೇಡ. ಯಾರಿಗೆ, ಎಷ್ಟು ಬಾಕಿ, ಬಡ್ಡಿ ಎಷ್ಟು, ಏನು ಅಡಮಾನ ಇಟ್ಟಿದ್ದೀರಿ. ಈ ಕೊನೆಯದೇ ಮುಖ್ಯ. ಮನೆ ಕಾಗದ ಯಾವ ಸಾಲಕ್ಕೆ ಹೋಗಿದೆಯೋ ಅದು ಮೊದಲನೆಯದು. ಬಂಗಾರ, ದೋಣಿ, ಗಾಡಿ ಮೇಲಿನ ಸಾಲ ಎರಡನೆಯದು. ಏನೂ ಅಡಮಾನ ಇಲ್ಲದ್ದು ಕೊನೆಯದು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಸಾಲಕ್ಕೆ, ಅಂದರೆ ವಾರದ ಸಂಘದಂಥ ಸಣ್ಣ ಸಾಲಕ್ಕೆ, ಅಡಮಾನವೇ ಇಲ್ಲ, ಆದ್ದರಿಂದ ಆ ಕಂತು ತಪ್ಪಿತು ಅಂತ ಯಾರೂ ನಿಮ್ಮ ಮನೆಗೆ ಬೀಗ ಹಾಕುವಂತಿಲ್ಲ. ಅವರು ಮನೆಗೆ ಕೈ ಹಾಕಬೇಕಾದರೆ ಕೋರ್ಟಿಗೆ ಹೋಗಿ ಡಿಕ್ರಿ ತರಬೇಕು. ಆ ಸಾಲ ಕೊಡಲೇಬೇಡಿ ಅಂತ ಹೇಳುತ್ತಿಲ್ಲ, ಸರದಿ ಹೇಳುತ್ತಿದ್ದೇನೆ ಅಷ್ಟೇ.

ಮನೆ ಮೇಲೆ ಏನೇನು ದಾಖಲಾಗಿದೆ ಅನ್ನುವುದೂ ನೋಡಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ ತೆಗೆಯಬಹುದು. ಮನೆ ತೋಟದ ಸರ್ವೆ ನಂಬರಿನಲ್ಲೇ ಇದ್ದರೆ ಪಹಣಿಯ 11ನೇ ಕಾಲಂ ಓದಿ, ಸೇವಾ ಸಹಕಾರಿ ಸಂಘದ ಬೆಳೆ ಸಾಲದ ಬೋಜಾ ಅಲ್ಲಿ ಕಾಣುತ್ತದೆ.

ಇನ್ನು ಬ್ಯಾಂಕಿಗೆ ಹೋಗುವ ವಿಷಯ. ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಅಂತ ಆಗುತ್ತದೆ, ಆಮೇಲೆ ಮಾತಿನ ಧಾಟಿಯೇ ಬೇರೆ. ಒಂದು ಕಂತು ತಪ್ಪುತ್ತದೆ ಅಂತ ಅನಿಸಿದಾಗಲೇ ಹೋಗಿ. ಬರೀ "ಸಾಹೇಬ್ರೇ, ತುಂಬಾ ಕಷ್ಟ ಇದೆ" ಅಂದರೆ ಅವರು "ಕಟ್ಟಿ, ಕಟ್ಟಿ" ಅಂದು ಕಳಿಸುತ್ತಾರೆ. ಅಂಕಿ ಹೇಳಿ. ಉದಾಹರಣೆಗೆ ಪತ್ರ ಹೀಗಿರಲಿ: "ನನ್ನ ಕಂತು 14,000 ರೂಪಾಯಿ. ನಾನು ಟ್ರಾಲರ್ ದೋಣಿಯಲ್ಲಿ ಕೆಲಸ ಮಾಡುವವನು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಆಗ ದುಡಿಮೆ ಇಲ್ಲ. ಉಳಿದ ತಿಂಗಳು 9,000 ಖಂಡಿತ ಕಟ್ಟುತ್ತೇನೆ. ಸಾಲದ ಅವಧಿ ವಿಸ್ತರಿಸಿ ಕಂತು ಕಡಿಮೆ ಮಾಡಿಕೊಡಬೇಕು." ಅಡಿಕೆಯವರಾದರೆ ಕೊಳೆ ರೋಗ, ಎಲೆಚುಕ್ಕಿಯಿಂದ ಎಷ್ಟು ಕ್ವಿಂಟಲ್ ಕಡಿಮೆ ಬಂತು ಅಂತ ಮಂಡಿಯ ಎರಡು ವರ್ಷದ ಪಟ್ಟಿ ಇಟ್ಟು ತೋರಿಸಿ. ಆಸ್ಪತ್ರೆ ಖರ್ಚಾಗಿದ್ದರೆ ಬಿಲ್ಲು ಲಗತ್ತಿಸಿ. ಪತ್ರ ಎರಡು ಪ್ರತಿ ಮಾಡಿ, ಒಂದರ ಮೇಲೆ ಬ್ಯಾಂಕಿನ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಕೌಂಟರಿನಲ್ಲಿ ಹಾಕಿಕೊಡುವುದಿಲ್ಲ ಅಂದರೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟ್ ಮಾಡಿ. ನಿಮ್ಮ ಶಾಖೆಯ ಮ್ಯಾನೇಜರಿಗೆ ಕಂತು ಇಳಿಸುವ ಅಧಿಕಾರ ಇಲ್ಲದಿರಬಹುದು, ಆದ್ದರಿಂದ ಮೇಲಿನ ಕಚೇರಿಗೆ ಕಳಿಸಿ ಅಂತ ಪತ್ರದಲ್ಲೇ ಬರೆಯಿರಿ. ಜೊತೆಗೆ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ಕೇಳಿ ತೆಗೆದುಕೊಳ್ಳಿ. 2024ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ತಡವಾದ ಕಂತಿನ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಹಾಕಿದ್ದರೆ ಆ ಸಾಲಿಗೆ ಗೆರೆ ಎಳೆದು ಬರವಣಿಗೆಯಲ್ಲೇ ಕೇಳಿ.

ಕೆಲವರು ಬ್ಯಾಂಕಿನ ನೋಟಿಸ್ ಅಂಚೆಯಲ್ಲಿ ಬಂದರೆ ಮನೆಯಲ್ಲಿ ಯಾರೂ ಇಲ್ಲ ಅಂತ ವಾಪಸ್ ಕಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೋಟಿಸ್ ತೆಗೆದುಕೊಳ್ಳದಿದ್ದರೆ ದಿನ ಓಡುವುದು ನಿಲ್ಲುವುದಿಲ್ಲ, ನಿಮಗೆ ಗೊತ್ತಾಗುವುದು ಮಾತ್ರ ತಡವಾಗುತ್ತದೆ. ಸರ್ಫೇಸಿ ಕಾಯ್ದೆ, ಅಂದರೆ ಅಡಮಾನದ ಆಸ್ತಿಯನ್ನು ಬ್ಯಾಂಕ್ ಕೋರ್ಟಿಗೆ ಹೋಗದೆ ಹರಾಜು ಹಾಕಲು ಬಿಡುವ 2002ರ ಕಾಯ್ದೆ, ಅದರ 13(2) ಕಲಂ ಅಂತ ನೋಟಿಸಿನಲ್ಲಿದ್ದರೆ ನಿಮಗೆ 60 ದಿನ ಇದೆ ಅಂತ ಅರ್ಥ. ಅದರೊಳಗೆ ಲಿಖಿತ ಆಕ್ಷೇಪಣೆ ಕೊಡಿ, ಬ್ಯಾಂಕ್ 15 ದಿನದಲ್ಲಿ ಕಾರಣ ಕೊಟ್ಟು ಉತ್ತರಿಸಬೇಕು. 60 ದಿನ ಮುಗಿದರೆ ಬಾಗಿಲಿಗೆ ಸ್ವಾಧೀನದ ನೋಟಿಸ್ ಅಂಟಿಸುತ್ತಾರೆ, ಪೇಪರಿನಲ್ಲೂ ಹಾಕಿಸುತ್ತಾರೆ. ಅದು ಅಂಟಿಸಿದ ದಿನವೇ ಮನೆ ಬಿಡಬೇಕು ಅಂತ ಇಲ್ಲ. ಮನೆಯಿಂದ ಹೊರಗೆ ಕಳಿಸಲು ಸಾಮಾನ್ಯವಾಗಿ ಅವರು ಜಿಲ್ಲಾಧಿಕಾರಿ ಅಥವಾ ಮುಖ್ಯ ನ್ಯಾಯಿಕ ದಂಡಾಧಿಕಾರಿಯ ಆದೇಶ ತರುತ್ತಾರೆ. ಆದರೆ ಸ್ವಾಧೀನದ ಕ್ರಮ ಆದ ದಿನದಿಂದ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಡಿಆರ್‌ಟಿ ಅಂತಾರಲ್ಲ, ಅಲ್ಲಿಗೆ ಅರ್ಜಿ ಹಾಕಬೇಕು. ಇಲ್ಲೇ ಸಿವಿಲ್ ಕೋರ್ಟಿನಲ್ಲಿ ಸ್ಟೇ ತರುತ್ತೇನೆ ಅಂತ ಓಡಾಡಿ ದಿನ ಕಳೆಯುವುದು ಬೇಡ, ಆ ಕಾಯ್ದೆಯ ವಿಷಯ ಸಿವಿಲ್ ಕೋರ್ಟ್ ವಿಚಾರಣೆ ಮಾಡುವಂತಿಲ್ಲ. ಇನ್ನೊಂದು, ಹರಾಜಿನ ಪ್ರಕಟಣೆ ಹೊರಬೀಳುವ ಮೊದಲು ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ನಿಮಗಿದೆ, ಪ್ರಕಟಣೆ ಬಂದ ಮೇಲೆ ಆ ಹಕ್ಕು ಉಳಿಯುವುದಿಲ್ಲ. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯ ಆಗುವುದಿಲ್ಲ, ಬಾಕಿ ಉಳಿದದ್ದು ಅಸಲು ಮತ್ತು ಬಡ್ಡಿ ಸೇರಿದ ಮೊತ್ತದ ಶೇ 20ಕ್ಕಿಂತ ಕಡಿಮೆ ಇದ್ದರೂ ಆಗುವುದಿಲ್ಲ. ಶಿರಸಿ, ಸಿದ್ದಾಪುರ ಕಡೆಯ ತೋಟದ ಮನೆಯವರು ಇದನ್ನು ವಕೀಲರ ಹತ್ತಿರ ಕೇಳಲೇಬೇಕು. ಸಹಕಾರಿ ಸಂಘದ ಸಾಲಕ್ಕೆ ಬೇರೆ ಕಾನೂನು, ಬೇರೆ ದಾರಿ ಇದೆ ಅನ್ನುವುದೂ ನೆನಪಿರಲಿ.

ವಕೀಲರಿಗೆ ದುಡ್ಡೆಲ್ಲಿಂದ ತರುವುದು ಅಂತ ಕೈಚೆಲ್ಲಬೇಡಿ. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕುಗಳಲ್ಲಿ ಕೋರ್ಟ್ ಆವರಣದಲ್ಲೇ ತಾಲ್ಲೂಕು ಸಮಿತಿ ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ. ಉಳಿದವರಿಗೆ ಆದಾಯದ ಮಿತಿ ಇದೆ. ಮನೆ ಅಮ್ಮನ ಹೆಸರಲ್ಲೋ ಹೆಂಡತಿ ಹೆಸರಲ್ಲೋ ಇದ್ದರೆ ಅವರೇ ಹೋಗಿ ಅರ್ಜಿ ಕೊಡಲಿ. ಫೋನಿನಲ್ಲಿ ಕೇಳುವುದಾದರೆ 15100. ಲೋಕ ಅದಾಲತ್‌ನಲ್ಲಿ ಬ್ಯಾಂಕ್ ಸಾಲಗಳು ರಾಜಿಗೆ ಬರುತ್ತವೆ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದರೆ ಅದು ಕೋರ್ಟಿನ ತೀರ್ಪಿನಷ್ಟೇ ಗಟ್ಟಿ, ಅಪೀಲು ಇಲ್ಲ. ಆಗದ ಮೊತ್ತಕ್ಕೆ ಹೂಂ ಅನ್ನಬೇಡಿ.

ಕಾಟ ಕೊಡುವವರ ಬಗ್ಗೆ. ಬ್ಯಾಂಕ್ ಮತ್ತು ಫೈನಾನ್ಸ್ ಕಂಪನಿಯ ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ. ಮೈಕ್ರೋಫೈನಾನ್ಸ್‌ನವರಿಗೆ ಬೆಳಿಗ್ಗೆ 9ರಿಂದ ಸಂಜೆ 6. ನೆಂಟರಿಗೆ, ಅಕ್ಕಪಕ್ಕದವರಿಗೆ ಹೇಳಿ ಮಾನ ತೆಗೆಯುವಂತೆಯೂ ಇಲ್ಲ. ರೆಕಾರ್ಡ್ ಮಾಡಿ, ಮೊದಲು ಆ ಸಂಸ್ಥೆಗೇ ದೂರು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಿ, ಅದರ ಸಹಾಯವಾಣಿ 14448. ಲೈಸೆನ್ಸ್ ಇಲ್ಲದೆ ಬಡ್ಡಿಗೆ ಕೊಟ್ಟು ಬೆದರಿಸುವವರ ಮೇಲೆ 2025ರಲ್ಲಿ ರಾಜ್ಯದಲ್ಲಿ ಹೊಸ ಕಾನೂನು ಬಂದಿದೆ, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬಾಗಿಲಲ್ಲೇ ಗಲಾಟೆ ಆದರೆ 112ಕ್ಕೆ ಫೋನ್ ಮಾಡಿ.

ಈ ಗಾಬರಿಯಲ್ಲಿ ಜನ ಮಾಡಿಕೊಳ್ಳುವ ಒಂದು ಅನಾಹುತ ಇದೆ. ಬಡ್ಡಿಯವನು "ಸುಮ್ನೆ ಭದ್ರತೆಗೆ" ಅಂತ ಮನೆಯ ಕ್ರಯ ಕರಾರು ಬರೆಸಿಕೊಳ್ಳುತ್ತಾನೆ, ಇಲ್ಲವೇ ಜಿಪಿಎಗೆ, ಅಂದರೆ ನಿಮ್ಮ ಪರವಾಗಿ ವ್ಯವಹಾರ ಮಾಡುವ ಅಧಿಕಾರ ಪತ್ರಕ್ಕೆ, ಸಹಿ ತೆಗೆದುಕೊಳ್ಳುತ್ತಾನೆ. ಕಾಗದದಲ್ಲಿ ನೀವು ಸಾಲ ತಂದವರಲ್ಲ, ಮನೆ ಮಾರಲು ಒಪ್ಪಿ ಮುಂಗಡ ತೆಗೆದುಕೊಂಡವರು ಆಗುತ್ತೀರಿ. ಎಷ್ಟೇ ಆತ್ಮೀಯನಾದರೂ ಸಹಿ ಹಾಕಬೇಡಿ. ಖಾಲಿ ಚೆಕ್ ಕೂಡ ಕೊಡಬೇಡಿ. ಹಾಗೆಯೇ ಮನೆ ಮೇಲೆ ಟಾಪ್ ಅಪ್, ಅಂದರೆ ಹೆಚ್ಚುವರಿ ಸಾಲ, ತೆಗೆದು ಸಂಘದ ಸಾಲ ತೀರಿಸುವುದೂ ಬೇಡ, ಅಡಮಾನವೇ ಇಲ್ಲದ ಸಾಲವನ್ನು ತಂದು ಮನೆ ತಲೆಗೆ ಕಟ್ಟಿದ ಹಾಗಾಗುತ್ತದೆ. ಬಂಗಾರ ಅಡವಿನಲ್ಲಿದ್ದು ವರ್ಷ ವರ್ಷ ಬರೀ ಬಡ್ಡಿ ಕಟ್ಟುತ್ತಿದ್ದರೆ ಮಾರಿಬಿಡಿ, ಆ ಸಾಲ ಚುಕ್ತಾ ಮಾಡಿ ಉಳಿದದ್ದನ್ನು ಮನೆ ಕಂತಿಗೆ ಹಾಕಿ. ಮದುವೆಯ ಒಡವೆ ಅಂತ ಸಂಕಟ ಆಗುತ್ತದೆ, ನಿಜ. ಮನೆ ಹೋದರೆ ಅದಕ್ಕಿಂತ ಜಾಸ್ತಿ ಆಗುತ್ತದೆ ಅಲ್ವಾ. ಜಾಮೀನು ಹಾಕಿದವರಿಗೂ ನೀವೇ ಮೊದಲು ಹೋಗಿ ಹೇಳಿ, ನೋಟಿಸಿನಿಂದ ಅವರಿಗೆ ಗೊತ್ತಾಗುವುದು ಬೇಡ.

ರಾತ್ರಿ ನಿದ್ದೆ ಬರದೆ ತಲೆಯಲ್ಲಿ ಬೇಡದ ಯೋಚನೆ ಬರುತ್ತಿದ್ದರೆ ಈಗಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಎಲ್ಲ ಲೆಕ್ಕ ಹಾಕಿದರೂ ಕಂತು ಹೊಂದುವುದಿಲ್ಲ ಅಂದರೆ ಓಟಿಎಸ್, ಅಂದರೆ ಒಪ್ಪಿದ ಮೊತ್ತ ಒಂದೇ ಬಾರಿಗೆ ಕಟ್ಟಿ ಸಾಲ ಮುಗಿಸುವ ರಾಜಿ, ಕೇಳಿ. ಬ್ಯಾಂಕ್ ಕೊಡಲೇಬೇಕು ಅಂತ ಇಲ್ಲ, ಕೊಟ್ಟರೆ ಮೊತ್ತ ಮತ್ತು ಕೊನೆಯ ತಾರೀಖು ಲಿಖಿತವಾಗಿ ಬಂದ ಮೇಲೆಯೇ ದುಡ್ಡು ಕಟ್ಟಿ. ಸಿಬಿಲ್‌ನಲ್ಲಿ, ಅಂದರೆ ನಿಮ್ಮ ಸಾಲದ ಚರಿತ್ರೆಯ ದಾಖಲೆಯಲ್ಲಿ, ಸೆಟಲ್ಡ್ ಅಂತ ಬರುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ, ಅದು ಗೊತ್ತಿರಲಿ. ಹಿತ್ತಲಿನ ಜಾಗದಲ್ಲಿ ನಾಲ್ಕು ಗುಂಟೆ ಮಾರಿದರೆ ಮನೆ ಉಳಿಯುವುದಾದರೆ ಬ್ಯಾಂಕಿನ ಒಪ್ಪಿಗೆ ಕೇಳಿ ಅದನ್ನೇ ಮಾಡಿ. ಏನೂ ಆಗದೆ ಮನೆ ಕೊಡಲೇಬೇಕಾಗಿ ಬಂದರೂ ಬ್ಯಾಂಕಿಗೆ ಹೇಳಿ ಹರಾಜಿಗೆ ಮೊದಲು ನೀವೇ ಗಿರಾಕಿ ಹುಡುಕಿ, ಹರಾಜಿಗಿಂತ ಒಳ್ಳೆಯ ರೇಟು ಸಿಗುವ ಸಾಧ್ಯತೆ ಜಾಸ್ತಿ. ಸಾಲ ತೀರಿ ಮನೆ ನಿಮ್ಮಲ್ಲೇ ಉಳಿದರೆ ಮೂಲ ಕಾಗದಪತ್ರ 30 ದಿನದೊಳಗೆ ವಾಪಸ್ ಬರಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ನಿಯಮ ಇದೆ. ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಂಡು, ಮತ್ತೊಮ್ಮೆ ಋಣಭಾರ ಪತ್ರ ತೆಗೆಸಿ ಅಡಮಾನ ರದ್ದಾದದ್ದು ಅದರಲ್ಲಿ ಬಂದಿದೆಯಾ ಅಂತ ನೋಡಿಕೊಳ್ಳಿ.