ಫರಸಿ ಕೀಳುವ ಮೊದಲು ಗಾಳಿಯ ದಾರಿ ನೋಡಿ

ರಾಯಚೂರಿನವರಿಗೆ ಧೂಳು ಹೊಸದಲ್ಲ. ಬೆಳಿಗ್ಗೆ ಒರೆಸಿದ ಟಿವಿ ಮೇಲೆ ಸಂಜೆ ಬೆರಳಲ್ಲಿ ಹೆಸರು ಬರೆಯಬಹುದು. ಆದರೆ ಮನೆ ರಿಪೇರಿಯ ಧೂಳೇ ಬೇರೆ. ಪಡಸಾಲೆಯ ಹಳೇ ಶಹಾಬಾದ್ ಫರಸಿ (ನೆಲಕ್ಕೆ ಹಾಸಿದ ಕಲ್ಲು) ತೆಗೆಸಿ ಟೈಲ್ಸ್ ಹಾಕಿಸುವಾಗ, ಅಡಿಗೆ ಮನೆ ಹಿಂದೆ ಇದೆಯಲ್ಲ ಎಂದು ಅದರ ಬಾಗಿಲು ಮುಂದೆ ಮಾಡಿ ಸುಮ್ನೆ ಇದ್ದೆ. ಮಧ್ಯಾಹ್ನ ಊಟಕ್ಕೆ ಕೂತರೆ ಬುಟ್ಟಿಯಲ್ಲಿದ್ದ ರೊಟ್ಟಿ ಬಾಯಲ್ಲಿ ಕರ್ ಎಂದಿತು. ಖಡಕ್ ರೊಟ್ಟಿ ಕರ್ ಅನ್ನಬೇಕು ನಿಜ. ಇದು ಸಿಮೆಂಟಿನ ಕರ್.

ಆಮೇಲೆ ಮೇಲಿನ ಕೋಣೆಗೆ ಹೊಸ ವೈರಿಂಗ್ ಮಾಡಿಸುವ ಹೊತ್ತಿಗೆ ಸ್ವಲ್ಪ ಬುದ್ಧಿ ಬಂದಿತ್ತು. ಎರಡೂ ಸಲ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೆಲಸಕ್ಕೆ ತಿಂಗಳು ಆರಿಸಿಕೊಳ್ಳುವ ಅವಕಾಶ ಇದ್ದರೆ ದೀಪಾವಳಿಯಿಂದ ಶಿವರಾತ್ರಿಯ ಒಳಗೆ ಮುಗಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಕಿಟಕಿ ಮುಚ್ಚಿ ಕೂರುವುದು ನಮ್ಮ ಊರಲ್ಲಿ ಆಗದ ಮಾತು. ಆಷಾಢದ ಗಾಳಿಯಲ್ಲಂತೂ ಕಟ್ಟಿದ ಪ್ಲಾಸ್ಟಿಕ್ ಪಟಪಟ ಹೊಡೆದು ಹರಿದೇ ಹೋಗುತ್ತದೆ.

ಮೊದಲು ಖಾಲಿ ಮಾಡಿ, ಆಮೇಲೆ ಮುಚ್ಚಿ

ಎಲ್ಲಾ ಸಾಮಾನು ಅಲ್ಲೇ ಇಟ್ಟು ಮೇಲೆ ಬೆಡ್‌ಶೀಟ್ ಹೊದಿಸುವುದು ನಮ್ಮೆಲ್ಲರ ಅಭ್ಯಾಸ. ಬಟ್ಟೆ ಜರಡಿ ಇದ್ದಂತೆ, ಸಣ್ಣ ಧೂಳು ಇಳಿದೇ ಇಳಿಯುತ್ತದೆ. ಎತ್ತಲು ಆಗುವುದನ್ನೆಲ್ಲ ಬೇರೆ ಕೋಣೆಗೆ ಸಾಗಿಸಿ. ಎತ್ತಲಾಗದ ಅಲ್ಮಾರಿ, ಮಂಚಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಟೇಪ್ ಅಂಟಿಸಿ. ಹೊಲದ ಕೆಲಸಕ್ಕೆ ತಂದ ತಾಡಪತ್ರಿ ಮನೆಯಲ್ಲಿದ್ದರೆ ನೆಲಕ್ಕೆ ಅದೇ ಸಾಕು. ಟಿವಿ, ಕಂಪ್ಯೂಟರ್ ಪ್ಲಗ್ ತೆಗೆದ ಮೇಲೆ ಮುಚ್ಚಬೇಕು. ಓಡುತ್ತಿರುವ ಫ್ರಿಜ್‌ಗೆ ಮಾತ್ರ ಪ್ಲಾಸ್ಟಿಕ್ ಸುತ್ತಬೇಡಿ, ಬಿಸಿ ಹೊರಗೆ ಹೋಗಲ್ಲ. ಅದನ್ನು ಬೇರೆ ಕೋಣೆಗೆ ಜರುಗಿಸಿ. ಕುಡಿಯುವ ನೀರಿನ ಕೊಡ, ಹಿಟ್ಟಿನ ಡಬ್ಬಿ, ಶೇಂಗಾ ಹಿಂಡಿ ಎಲ್ಲಕ್ಕೂ ಬಿಗಿ ಮುಚ್ಚಳ ಬೇಕು. ಅಂಗಳದ ಸಂಪಿನ ಮುಚ್ಚಳವನ್ನೂ ಒಮ್ಮೆ ನೋಡಿ, ನಾವು ಮರೆತಿದ್ದೆವು.

ಕೆಲಸದ ಕೋಣೆಯ ಬಾಗಿಲಿಗೆ ಎರಡು ಪ್ಲಾಸ್ಟಿಕ್ ಹಾಳೆ ಕಟ್ಟಿ. ಒಂದರ ಮೇಲೆ ಒಂದು ಒಂದಡಿ ಹಾಯ್ದಿರಲಿ. ಒಂದರ ಅಂಚನ್ನು ಎಡ ಚೌಕಟ್ಟಿಗೆ, ಇನ್ನೊಂದರದ್ದನ್ನು ಬಲ ಚೌಕಟ್ಟಿಗೆ ಅಂಟಿಸಿದರೆ ಜನ ನಡುವೆ ನುಸುಳಿ ಹೋಗಬಹುದು, ಹಾಳೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಹೊಸ್ತಿಲ ಹತ್ತಿರ ಒದ್ದೆ ಗೋಣಿಚೀಲ ಹಾಸಿ. ಕಾಲಿಗೆ ಮೆತ್ತಿದ ಧೂಳು ಅಲ್ಲೇ ಉಳಿಯುತ್ತದೆ. ಅದು ಒಣಗದಂತೆ ನೀರು ಚಿಮುಕಿಸುತ್ತಿರಬೇಕು. ಹಳೇ ಮನೆಗಳಲ್ಲಿ ಬಾಗಿಲ ಮೇಲೆ ಬೆಳಕಿಂಡಿ ಇರುತ್ತದಲ್ಲ, ಅದನ್ನೂ ರದ್ದಿ ಪೇಪರ್ ಅಂಟಿಸಿ ಮುಚ್ಚಿ.

ಕೂಲರ್ ಉಪಯೋಗಕ್ಕೆ ಬರುತ್ತದೆ

ಎಷ್ಟೇ ಟೇಪ್ ಅಂಟಿಸಿದರೂ ಸಂದಿ ಉಳಿದೇ ಉಳಿಯುತ್ತದೆ. ಆ ಸಂದಿಯಲ್ಲಿ ಗಾಳಿ ಯಾವ ಕಡೆಗೆ ಹೋಗುತ್ತದೆ ಎಂಬುದೇ ಮುಖ್ಯ. ಇದಕ್ಕೆ ಸುಲಭದ ಪರೀಕ್ಷೆ ಇದೆ, ಒಂದು ಊದಿನಕಡ್ಡಿ ಹಚ್ಚಿ ಸಂದಿಯ ಹತ್ತಿರ ಹಿಡಿಯಿರಿ. ಹೊಗೆ ಕೆಲಸದ ಕೋಣೆಯ ಕಡೆ ಬಾಗಿದರೆ ಸರಿ. ನಿಮ್ಮ ಕಡೆ ಬಂದರೆ ಧೂಳೂ ಬರುತ್ತದೆ.

ಸರಿ ಮಾಡುವುದು ಹೀಗೆ. ಕೆಲಸದ ಕೋಣೆಯ ಕಿಟಕಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಇಲ್ಲವೇ ಸ್ಟ್ಯಾಂಡ್ ಫ್ಯಾನ್ ಹೊರಗೆ ಮುಖ ಮಾಡಿ ಇಡಿ. ನೀವು ಇರುವ ಕೋಣೆಯ ಕಿಟಕಿಯಲ್ಲಿ ಕೂಲರ್ ಹಚ್ಚಿ. ಕೂಲರ್ ಹೊರಗಿನ ಗಾಳಿ ಎಳೆದು ಒಳಗೆ ತುಂಬುತ್ತದೆ. ತುಂಬಿದ ಗಾಳಿ ಬಾಗಿಲ ಸಂದಿಯಿಂದ ಕೆಲಸದ ಕೋಣೆಗೆ ನುಗ್ಗುತ್ತದೆ, ಧೂಳು ಹಿಂದಕ್ಕೆ ಹೋಗುತ್ತದೆ. ಆದರೆ ಕಲ್ಲು ಕೊಯ್ಯುವ ಅಂಗಳದ ಕಡೆಯೇ ಕೂಲರ್ ಬೆನ್ನು ಮಾಡಿದ್ದರೆ ಕೆಲಸ ಕೆಟ್ಟಿತು. ಏಸಿ ಇದ್ದವರಿಗೆ ಈ ಅನುಕೂಲವಿಲ್ಲ. ಸ್ಪ್ಲಿಟ್ ಏಸಿ ಕೋಣೆಯ ಗಾಳಿಯನ್ನೇ ತಿರುಗಿಸುತ್ತದೆ. ಧೂಳೇಳುವ ಕೋಣೆಯ ಏಸಿ ಬಂದ್ ಮಾಡಿ ಮುಚ್ಚಿಡಿ. ಅಲ್ಲಿಯ ಸೀಲಿಂಗ್ ಫ್ಯಾನ್ ಕೂಡ ಹಚ್ಚಬಾರದು.

ಹುಟ್ಟುವಲ್ಲೇ ನೀರು

ಒಣ ಕಟ್ಟರ್‌ನಿಂದ ಗೋಡೆ ಕೊರೆದಾಗ, ಗ್ರಾನೈಟ್ ಕೊಯ್ದಾಗ ಏಳುವ ಧೂಳಿನಲ್ಲಿ ಸಿಲಿಕಾ (ಕಲ್ಲು, ಮರಳಿನಲ್ಲಿರುವ ಖನಿಜ) ಇರುತ್ತದೆ. ಅದರಲ್ಲಿ 10 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸಣ್ಣ ಕಣಗಳು ಕಣ್ಣಿಗೆ ಕಾಣುವುದಿಲ್ಲ, ತೀರಾ ಸಣ್ಣವು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತವೆ. ವರ್ಷಗಟ್ಟಲೆ ಇದನ್ನು ಉಸಿರಾಡುವ ಕೆಲಸಗಾರರಿಗೆ ಸಿಲಿಕೋಸಿಸ್ ಬರಬಹುದು. ವಾಸಿಯಾಗದ ಶ್ವಾಸಕೋಶದ ಕಾಯಿಲೆ ಅದು.

ನಮ್ಮ ಗೌಂಡಿಗೆ ನೀರು ಹಾಕಿ ಕೊಯ್ಯಿರಿ ಎಂದರೆ, ‘ಅಕ್ಕಾರ, ಕೆಸರಾಗ್ತದ್ರಿ’ ಎಂದರು. ಕೆಸರು ಬಳಿಯಬಹುದು, ಧೂಳು ಹಿಡಿಯಲು ಆಗಲ್ಲ ಅಲ್ವಾ? ಕೊನೆಗೆ ಒಪ್ಪಿದರು. ಟೈಲ್ಸ್, ಕಲ್ಲು ಕೊಯ್ಯುವುದೆಲ್ಲ ಅಂಗಳಕ್ಕೆ ಹೋಯಿತು. ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಹುಡುಗನೊಬ್ಬ ಬ್ಲೇಡಿನ ಬಾಯಿಗೆ ನೀರು ಬಿಡುತ್ತಿದ್ದ. ಕರೆಂಟಿನ ಮೆಷಿನ್ ಹತ್ತಿರ ನೀರು ಬಿಡುವುದರಿಂದ ಆ ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ವೈರ್ ಎಲ್ಲೂ ಹರಿದಿರಬಾರದು. ಇಲ್ಲದಿದ್ದರೆ ಈ ಉಪಾಯ ಬೇಡ. ಒಳಗೆ ಗೋಡೆ ಕೊರೆಯಲು ಸುತ್ತಿಗೆ, ಉಳಿ ಬಳಸಿದರೆ ಕಟ್ಟರ್‌ಗಿಂತ ಸಣ್ಣ ಧೂಳು ಕಡಿಮೆ, ದಿನ ಮಾತ್ರ ಜಾಸ್ತಿ ಹಿಡಿಯುತ್ತದೆ.

ಫರಸಿ ಕಿತ್ತ ಮೇಲೆ ಕೆಳಗಿನ ಮಣ್ಣಿಗೆ ನೀರು ಚಿಮುಕಿಸಿ ತುಂಬಿಸಿ. ಬುಟ್ಟಿಯಲ್ಲಿ ತಂದು ಎತ್ತರದಿಂದ ಸುರಿಯುವ ಬದಲು ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಸಾಗಿಸಿ.

ಹಳೇ ಬಣ್ಣ ಉಜ್ಜುವಾಗ ಇನ್ನೂ ಎಚ್ಚರ ಬೇಕು. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಬಂದದ್ದೇ 2016ರಲ್ಲಿ. ಅದಕ್ಕಿಂತ ಹಳೆಯ ಬಾಗಿಲು, ಕಿಟಕಿಯ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಒದ್ದೆ ಮಾಡಿಯೇ ಉಜ್ಜಿಸಿ. ಮಕ್ಕಳು, ಬಸುರಿಯರು ಆ ದಿನ ತವರಿಗೋ ನೆಂಟರ ಮನೆಗೋ ಹೋಗಲಿ.

ಬಾಯಿಗೆ ಟವೆಲ್ ಸುತ್ತಿದರೆ ಸಾಲದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಗೌಂಡಿಗೂ ಹುಡುಗನಿಗೂ ನೀವೇ ತಂದುಕೊಡಿ. ಅವರು ತರಲಿ ಎಂದು ಕಾದರೆ ಯಾರೂ ಹಾಕಲ್ಲ.

ಸಂಜೆಯ ಕೆಲಸ

ಕೆಲಸ ನಿಂತ ಕೂಡಲೇ ಕಸಬರಿಗೆ ಹಿಡಿಯಬೇಡಿ. ಒಣ ಕಸಬರಿಗೆ ಕೂತ ಧೂಳನ್ನು ಮತ್ತೆ ಎಬ್ಬಿಸುತ್ತದೆ. ಒಂದೆರಡು ಗಂಟೆ ಬಿಟ್ಟು, ಒದ್ದೆ ಮಾಡಿದ ಕಟ್ಟಿಗೆ ಹೊಟ್ಟು ನೆಲಕ್ಕೆ ಚೆಲ್ಲಿ ಗುಡಿಸಿ. ಪುಟ್ಟಿ ಉಜ್ಜಿದ ದಿನವಂತೂ ಇದು ಬೇಕೇ ಬೇಕು, ಆ ಬಿಳಿ ಪುಡಿಯಷ್ಟು ಹಟಮಾರಿ ಇನ್ನೊಂದಿಲ್ಲ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್‌ಗೆ ತೀರಾ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇಲ್ಲದಿದ್ದರೆ ಸಣ್ಣ ಧೂಳನ್ನು ಹಿಂದಿನಿಂದ ಮತ್ತೆ ಊದುತ್ತದೆ.

ಎಲ್ಲಾ ಮುಗಿದ ಮೇಲೆ ಮೇಲಿನಿಂದ ಕೆಳಗೆ ಬನ್ನಿ. ಫ್ಯಾನಿನ ರೆಕ್ಕೆ, ಅಲ್ಮಾರಿಯ ನೆತ್ತಿ, ಗೋಡೆ, ಕಿಟಕಿಯ ಸರಳು, ಕಡೆಗೆ ನೆಲ. ಬಕೆಟ್ ನೀರು ಆಗಾಗ ಬದಲಿಸಿ. ಆ ಸಿಮೆಂಟ್ ನೀರನ್ನು ಬಚ್ಚಲಿಗೆ ಸುರಿಯಬೇಡಿ, ಪೈಪಿನಲ್ಲಿ ಕೂತು ಗಟ್ಟಿಯಾಗುತ್ತದೆ. ಮರುದಿನ ನೆಲ ಒಣಗಿದಾಗ ಬಿಳಿ ಬಿಳಿ ಕಂಡರೆ ಇನ್ನೊಮ್ಮೆ ಒರೆಸಿ. ನಮ್ಮ ಪಡಸಾಲೆಗೆ ಮೂರು ಸಲ ಬೇಕಾಯಿತು.