ಕೈದಿಯ ಹಚ್ಚೆ ಓದುವ ಮುನ್ನ

ಬಳ್ಳಾರಿ ಸೀಮೆಯ ಅಜ್ಜಿಯರ ಗದ್ದದ ಮೇಲಿನ ಹಸಿರು ಚುಕ್ಕೆಗಳು ಕೊರವಂಜಿ ಚುಚ್ಚಿದ ಹಚ್ಚೆ, ಅಪರಾಧದ ಗುರುತಲ್ಲ. ಆದ್ದರಿಂದ ಜೈಲಿನ ದಾಖಲೆಗೆ ಮೊದಲು ಕಂಡದ್ದನ್ನಷ್ಟೇ ಬರೆಯಿರಿ: ಎಡಗೈಯೋ ಬಲಗೈಯೋ, ಮಣಿಕಟ್ಟಿನಿಂದ ಎಷ್ಟು ಸೆಂಟಿಮೀಟರ್, ಬಣ್ಣ, ಅಕ್ಷರಗಳು ತಪ್ಪಿದ್ದರೂ ಇದ್ದಂತೆಯೇ. ಪಕ್ಕದಲ್ಲಿ ಸ್ಕೇಲ್ ಇಟ್ಟು ನೇರವಾಗಿ ಫೋಟೊ ತೆಗೆಯಿರಿ. ಮೊಬೈಲಿನ ಮುಂದಿನ ಕ್ಯಾಮೆರಾ ಬೇಡ, ಎಡ ಬಲ ಅದಲುಬದಲಾಗಬಹುದು.

ಅರ್ಥ ಆಮೇಲೆ. ನಾಲ್ಕು ಚುಕ್ಕೆಗಳ ನಡುವೆ ಒಂದು ಇದ್ದರೆ ಯುರೋಪಿನ ಜೈಲುಗಳಲ್ಲಿ ಅದು ನಾಲ್ಕು ಗೋಡೆಯೊಳಗಿನ ಕೈದಿ. ರಷ್ಯಾದಲ್ಲಿ ಮಂಡಿಯ ಮೇಲಿನ ನಕ್ಷತ್ರ ‘ಯಾರಿಗೂ ಮಂಡಿಯೂರುವುದಿಲ್ಲ’ ಎನ್ನುತ್ತದೆ. ಚರ್ಚಿನ ಗುಮ್ಮಟಗಳು ಶಿಕ್ಷೆಗಳ ಲೆಕ್ಕ. ಅಮೆರಿಕದ ಕಣ್ಣೀರ ಹನಿ ಕೊಲೆಯೂ ಆಗಬಹುದು, ಸತ್ತ ಗೆಳೆಯನ ನೆನಪೂ ಆಗಬಹುದು. ನಮ್ಮ ಹುಡುಗ ಅದನ್ನೇ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಅಂದಕ್ಕೆ ಹಾಕಿಸಿಕೊಂಡಿರಬಹುದು. ಅವನನ್ನೇ ಕೇಳಿ, ಉತ್ತರವನ್ನು ಬೇರೆ ಸಾಲಿನಲ್ಲಿ ಬರೆಯಿರಿ.