ಅಮ್ಮನ ಮೋಟರ್ ಕೈ ಕೊಟ್ಟಾಗ ನಾನು ಕಲಿತ ಇಂಗ್ಲಿಷ್

ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಹಾಸನದ ಹತ್ತಿರದ ಹಳ್ಳಿಯಲ್ಲಿ, ಕನ್ನಡ ಮೀಡಿಯಂ. ಕೆಲಸಕ್ಕೆ ಬೆಂಗಳೂರಿಗೆ ಬಂದಾಗ ಇಂಗ್ಲಿಷಿನ ದೊಡ್ಡ ದೊಡ್ಡ ಪದಗಳು ನನ್ನನ್ನು ಕಾಡಲಿಲ್ಲ. ಅದಕ್ಕೆ ಡಿಕ್ಷನರಿ ಇತ್ತು. ಕಾಡಿದ್ದು ಗೆಟ್, ಪುಟ್, ಟೇಕ್, ಟರ್ನ್ ಅನ್ನೋ ಪುಟಾಣಿಗಳು. ‘ಪುಟ್’ ಅಂದರೆ ಇಡು. ಪಕ್ಕದಲ್ಲಿ ‘ಆಫ್’ ಬಂದರೆ ಮುಂದೂಡು, ‘ಔಟ್’ ಬಂದರೆ ಬೆಂಕಿ ಆರಿಸು, ‘ಅಪ್ ವಿತ್’ ಬಂದರೆ ಸಹಿಸಿಕೋ. ಇಡೋದಕ್ಕೂ ಸಹಿಸಿಕೊಳ್ಳೋದಕ್ಕೂ ಎಲ್ಲಿಂದೆಲ್ಲಿಯ ಸಂಬಂಧ, ಹೇಳಿ?

ಫುಟ್‌ಪಾತ್‌ನಲ್ಲಿ ಒಂದು ಪುಸ್ತಕ ಕೊಂಡು ಉರು ಹೊಡೆದೆ. ಜೋರು ಮಳೆಗೆ ‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಅನ್ನಬೇಕು ಅಂತ ಅದರಲ್ಲಿತ್ತು. ಎಂಟು ವರ್ಷದಲ್ಲಿ ಒಬ್ಬರೂ ನನ್ನೆದುರು ಹಾಗೆ ಅಂದಿಲ್ಲ. ಎಲ್ಲರೂ ಸುಮ್ನೆ ‘ಇಟ್ಸ್ ಪೋರಿಂಗ್’ ಅಂತಾರೆ.

ಒಂದಿನ ಅಮ್ಮ ಫೋನ್ ಮಾಡಿ, “ಮೋಟ್ರು ಕೈ ಕೊಡ್ತು ಕಣೋ, ತೋಟಕ್ಕೆ ನೀರಿಲ್ಲ” ಅಂದರು. ಫೋನ್ ಇಟ್ಟ ಮೇಲೆ ನಗು ಬಂತು. ಮೋಟರ್‌ಗೆ ಎಲ್ಲಿಯ ಕೈ? ಕೈಲಿದ್ದ ಹೋಟೆಲ್ ಬಿಲ್ಲಿನ ಹಿಂದೆ ಬರೆಯುತ್ತಾ ಹೋದೆ: ಕೈ ಹಿಡಿ, ಕೈ ಬಿಡು, ಕೈ ಮಾಡು, ಕೈ ಹಾಕು, ಕೈ ಚೆಲ್ಲು, ಕೈ ತೊಳೆದುಕೋ. ಬಿಲ್ಲಿನಲ್ಲಿ ಜಾಗ ಮುಗಿಯಿತು, ಕೈ ಮುಗಿಯಲಿಲ್ಲ. ಇವನ್ನು ನನಗೆ ಯಾರೂ ಪಟ್ಟಿ ಮಾಡಿ ಕಲಿಸಿರಲಿಲ್ಲ. ಯಾರೋ ಯಾರಿಗೋ ಕೈ ಕೊಟ್ಟಾಗ ಆ ಮಾತು ಕಿವಿಗೆ ಬಿದ್ದಿತ್ತು, ಅಷ್ಟೇ.

ಅವತ್ತೇ ಪಟ್ಟಿ ಬಿಟ್ಟೆ. ನೂರು ಪುಟದ ನೋಟ್‌ಬುಕ್ ತಂದೆ. ದಿನಕ್ಕೆ ಒಂದೇ ವಾಕ್ಯ, ಅದೂ ಆಫೀಸಿನಲ್ಲಿ ನಾನೇ ಕೇಳಿದ್ದು. ಯಾರು, ಯಾವಾಗ, ಯಾಕೆ ಅಂದರು ಅನ್ನೋದನ್ನೂ ಬರೆದೆ. ಎದುರಿಗೆ ಅರ್ಥ ಬರೆಯಲಿಲ್ಲ. ನಮ್ಮೂರಲ್ಲಿ ಅದೇ ಸಂದರ್ಭಕ್ಕೆ ಏನಂತಾರೋ ಅದನ್ನು ಬರೆದೆ. ‘ಬ್ರೋಕ್ ಡೌನ್’ ಎದುರಿಗೆ ಅಮ್ಮನ ಮೋಟರ್ ಬಂತು. ‘ಲೆಟ್ ಮಿ ಡೌನ್’ ಎದುರಿಗೂ ‘ಕೈ ಕೊಟ್ಟ’ ಅಂತಲೇ ಬಂತು, ಆದರೆ ಈ ಸಲ ಮನುಷ್ಯ.

ಹೀಗೆ ಬರೆಯುವಾಗಲೇ ‘ಅಪ್’ನ ಒಂದು ಗುಟ್ಟು ಸಿಕ್ಕಿತು. ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್ ಇವುಗಳಲ್ಲಿ ‘ಅಪ್’ ಅಂದರೆ ಮೇಲೆ ಅಲ್ಲ. ತಿಂದುಬಿಡು, ಕುಡಿದುಬಿಡು ಅನ್ನುವಾಗ ನಮ್ಮ ‘ಬಿಡು’ ಮಾಡೋ ಕೆಲಸವನ್ನೇ ಅದು ಮಾಡುತ್ತೆ, ಪೂರ್ತಿ ಮುಗಿಸು ಅನ್ನೋ ಒತ್ತು. ಎಲ್ಲ ಕಡೆ ಹೊಂದಲ್ಲ, ‘ಲುಕ್ ಅಪ್’ ಬೇರೆಯೇ ಜಾತಿ. ಆದರೂ ಅರ್ಧ ಭಯ ಹೋಯಿತು.

ಕೈಕೊಟ್ಟಿದ್ದು ಪದಗಳ ಜಾಗ. ‘ಟರ್ನ್ ಆಫ್ ದ ಫ್ಯಾನ್’ ಸರಿ, ‘ಟರ್ನ್ ದ ಫ್ಯಾನ್ ಆಫ್’ ಕೂಡ ಸರಿ. ಆದರೆ ಫ್ಯಾನ್ ಬದಲು ‘ಇಟ್’ ಬಂತೋ, ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆಫ್’. ‘ಟರ್ನ್ ಆಫ್ ಇಟ್’ ಅಂತ ನಾನು ಎಷ್ಟು ಮೇಲ್‌ನಲ್ಲಿ ಬರೆದಿದ್ದೀನೋ, ಲೆಕ್ಕ ಬೇಡ.

ಮರ್ಯಾದೆ ಹೋಗಿದ್ದು ಮಾತ್ರ ‘ಟೇಬಲ್’ನಿಂದ. ಅಮೆರಿಕದ ಕ್ಲೈಂಟ್ ಒಬ್ಬರು ಕಾಲ್‌ನಲ್ಲಿ “ಲೆಟ್ಸ್ ಟೇಬಲ್ ದಿಸ್” ಅಂದರು. ಸಂಸತ್ತಿನಲ್ಲಿ ವರದಿ ಟೇಬಲ್ ಮಾಡಿದರು ಅಂತ ಪೇಪರಿನಲ್ಲಿ ಓದಿದ್ದವನು ನಾನು. ಮಂಡಿಸು ಅಂತಿದ್ದಾರೆ ಅಂದುಕೊಂಡು ಸ್ಕ್ರೀನ್ ಶೇರ್ ಮಾಡಿ ಹತ್ತು ನಿಮಿಷ ವಿವರಿಸಿದೆ. ಅಮೆರಿಕದಲ್ಲಿ ಅದರ ಅರ್ಥ ‘ಸದ್ಯಕ್ಕೆ ಪಕ್ಕಕ್ಕಿಡೋಣ’. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಮತ್ತು ಅಮೆರಿಕನ್ ಅಧಿಕಾರಿಗಳು ಇದೇ ಪದಕ್ಕೆ ಜೋರು ವಾದ ಮಾಡಿದ್ದನ್ನು ಚರ್ಚಿಲ್ ಬರೆದಿದ್ದಾರೆ ಅಂತ ಆಮೇಲೆ ಗೊತ್ತಾಗಿ ಸ್ವಲ್ಪ ಸಮಾಧಾನ ಆಯ್ತು.

ನೋಟ್‌ಬುಕ್‌ನಲ್ಲಿ ಆ ಪದಕ್ಕೆ ಈಗ ಎರಡು ಸಾಲಿವೆ, ಎರಡರ ಎದುರಿಗೂ ದೇಶದ ಹೆಸರಿದೆ. ಕಾಲ್‌ನಲ್ಲಿ ಯಾರಾದರೂ ‘ಟೇಬಲ್’ ಅಂದರೆ ನಾಚಿಕೆ ಬಿಟ್ಟು ಕೇಳ್ತೀನಿ: ಇವತ್ತೇ ಮಾತಾಡೋದಾ, ಆಮೇಲಾ?